ಸ್ಟಾರ್ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ

ಕನ್ನಡ ಚಿತ್ರರಂಗದಲ್ಲಿ ಕೊಡುಗೈಗಳಿಗೆ ಬರವಿಲ್ಲ. 2021ರಲ್ಲಿ ಎರಡನೇ ಲಾಕ್‌ಡೌನ್ ಬಂದು ಶೂಟಿಂಗ್ ನಿಂತಾಗ ಯಶ್ ಒಂದೂವರೆ ಕೋಟಿ ರೂಪಾಯಿ ತೆಗೆದಿಟ್ಟು, ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ತಲಾ 5,000 ರೂಪಾಯಿ ಕೊಟ್ಟರು. ಉಪೇಂದ್ರ ದಿನಸಿ ಕಿಟ್ ಹಂಚಿದರು. ಲೈಟ್ ಯೂನಿಟ್‌ನಲ್ಲಿ ದುಡಿಯುವ ನನ್ನ ಸೋದರಮಾವನ ಮಗನಿಗೂ ಆಗ ದುಡ್ಡು ಬಂತು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಈ ತಿಂಗಳ ಬಾಡಿಗೆಗೆ ಆಯ್ತು ಭಾವ. ಮುಂದಿನ ತಿಂಗಳು ಯಾರು ಕೊಡ್ತಾರೋ ನೋಡ್ಬೇಕು."

ಆ ಎರಡನೇ ಮಾತಿನ ಬಗ್ಗೆಯೇ ನನ್ನ ತಕರಾರು. ಕೊಟ್ಟವರ ಮೇಲಲ್ಲ. ವರ್ಷಗಟ್ಟಲೆ ಹತ್ತಾರು ಚಿತ್ರಗಳಿಗೆ ದೀಪ ಹೊತ್ತವನು ಕಷ್ಟ ಬಂದಾಗ ಯಾರು ಕೊಡುತ್ತಾರೆ ಎಂದು ದಾರಿ ನೋಡಬೇಕಾದ ಪದ್ಧತಿಯ ಮೇಲೆ.

ನಾನು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಸಿನಿಮಾ, ಟಿವಿ ಶೂಟಿಂಗ್‌ಗಳ ಸಂಬಳದ ಲೆಕ್ಕ ಬರೆಯುವವನು. ಗ್ಲಾಮರ್ ಅನ್ನುವುದು ನನ್ನ ಮೇಜಿಗೆ ಬರುವುದೇ ಇಲ್ಲ, ಬರುವುದು ವೇಳಾಪಟ್ಟಿಗಳು ಮಾತ್ರ. ಆದರೆ ಆ ಪಟ್ಟಿಗಳಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಯೂನಿಯನ್ ಒಪ್ಪಂದದ ಕೆಳಗೆ ನಟನೊಬ್ಬನಿಗೆ ನೂರು ಡಾಲರ್ ಕೊಟ್ಟರೆ, ಅದರ ಮೇಲೆ ಇಪ್ಪತ್ತಕ್ಕೂ ಹೆಚ್ಚು ಡಾಲರನ್ನು ನಿರ್ಮಾಪಕ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಕಟ್ಟಬೇಕು. ನಟನ ನೂರರಲ್ಲಿ ಕಳೆದು ಕಟ್ಟುವುದಲ್ಲ, ಮೇಲೆ ಸೇರಿಸಿ ಕಟ್ಟುವುದು. ಆ ನಿಧಿಯ ಟ್ರಸ್ಟಿಗಳಲ್ಲಿ ಅರ್ಧ ಯೂನಿಯನ್ ಕಡೆಯವರು, ಅರ್ಧ ನಿರ್ಮಾಪಕರ ಕಡೆಯವರು. ಊಟದ ವಿಷಯವೂ ಹಾಗೆಯೇ. ಕೆಲಸ ಶುರುವಾದ ಆರು ಗಂಟೆಯೊಳಗೆ ಊಟಕ್ಕೆ ಬಿಡದಿದ್ದರೆ ಮೊದಲ ಅರ್ಧ ಗಂಟೆಗೆ 25 ಡಾಲರ್, ಎರಡನೆಯದಕ್ಕೆ 35, ಆಮೇಲೆ ಪ್ರತಿ ಅರ್ಧ ಗಂಟೆಗೆ 50 ಡಾಲರ್ ದಂಡ, ಪ್ರತಿ ನಟನಿಗೂ. ನಿರ್ದೇಶಕನಿಗೆ "ಇನ್ನೊಂದೇ ಶಾಟ್" ಅನ್ನಿಸಿದರೆ ಅದರ ಖರ್ಚು ನನ್ನ ಲೆಕ್ಕದ ಪುಸ್ತಕಕ್ಕೆ ಬರುತ್ತದೆ.

ಇದು ಯಾರೋ ಪುಣ್ಯಾತ್ಮರು ಮನಸ್ಸು ಮಾಡಿ ಕೊಟ್ಟದ್ದಲ್ಲ. ನಟರ ಗಿಲ್ಡ್, ಅಂದರೆ ಹಾಲಿವುಡ್ ನಟರ ಯೂನಿಯನ್, ಹುಟ್ಟಿದ್ದು 1933ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಸ್ಟುಡಿಯೊಗಳು ಸಂಬಳ ಕಡಿತ ಮಾಡಿದ್ದಕ್ಕೆ ಸಿಟ್ಟಾಗಿ. ಪಿಂಚಣಿ ಮತ್ತು ಆರೋಗ್ಯ ನಿಧಿ ಸಿಕ್ಕಿದ್ದು 1960ರ ಮುಷ್ಕರದಲ್ಲಿ. ಹಳೆಯ ಚಿತ್ರಗಳು ಟಿವಿಯಲ್ಲಿ ಬಂದಾಗ ನಟರಿಗೆ ಪಾಲು ಬೇಕು ಎಂಬುದು ಜಗಳ. ಕೊನೆಗೆ 1960ಕ್ಕಿಂತ ಹಿಂದಿನ ಚಿತ್ರಗಳ ಪಾಲನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ನಿಧಿಯ ಮೂಲಧನವೆಂದು 22.5 ಲಕ್ಷ ಡಾಲರ್ ಪಡೆದರು. ಹಳಬರು ಅನೇಕರು ಆ ರಾಜಿಯನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಆಗ ಗಿಲ್ಡ್‌ನ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. ಮುಂದೆ ದೇಶದ ಅಧ್ಯಕ್ಷರಾದಾಗ, 1981ರಲ್ಲಿ, ಮುಷ್ಕರ ಹೂಡಿದ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಕೆಲಸದಿಂದ ಕಿತ್ತುಹಾಕಿದವರೂ ಅವರೇ.

ದಾನ ಇಲ್ಲಿಯೂ ಇದೆ. ನೂರು ವರ್ಷದ ಹಿಂದೆ ಇಲ್ಲಿನವರೂ ನಮ್ಮಂತೆಯೇ ಹುಂಡಿ ಇಟ್ಟವರು. 1921ರಲ್ಲಿ ಮೂಕಿ ಚಿತ್ರಗಳ ತಾರೆ ಮೇರಿ ಪಿಕ್‌ಫರ್ಡ್, ಚಾಪ್ಲಿನ್, ನಟ ಡಗ್ಲಾಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ಸೇರಿ ಕಷ್ಟದಲ್ಲಿದ್ದ ಸಿನಿಮಾ ಮಂದಿಗೆಂದು ಒಂದು ಪರಿಹಾರ ನಿಧಿ ಶುರು ಮಾಡಿದರು. ಚಿಲ್ಲರೆ ಹಾಕಲು ಡಬ್ಬಿಗಳನ್ನಿಟ್ಟರು. ಚಿಲ್ಲರೆಯಿಂದ ಆಸ್ಪತ್ರೆ ಬಿಲ್ಲು ತೀರುವುದಿಲ್ಲ ಎಂಬುದು ಬೇಗ ಗೊತ್ತಾಗಿರಬೇಕು. 1932ರಲ್ಲಿ ಪಿಕ್‌ಫರ್ಡ್ ಬೇರೆ ದಾರಿ ಹಿಡಿದರು: ಒಪ್ಪಿದವರ ಸಂಬಳದಲ್ಲಿ ನೂರಕ್ಕೆ ಅರ್ಧ ಡಾಲರ್ ಸ್ಟುಡಿಯೊದಲ್ಲೇ ಹಿಡಿದು ನಿಧಿಗೆ ಕಳಿಸುವುದು. ಕೊಡುವವನಿಗೆ ಆ ಅರ್ಧ ಡಾಲರ್ ಗಮನಕ್ಕೂ ಬರುವುದಿಲ್ಲ, ನಿಧಿಗೋ ಪ್ರತಿ ವಾರ ದುಡ್ಡು. 1940ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಆ ನಿಧಿಯ ವೃದ್ಧರ ಮನೆಗಳೂ ಆಸ್ಪತ್ರೆಯೂ ತೆರೆದವು. ಇವತ್ತಿಗೂ ನಟರ ಪಕ್ಕದ ಮನೆಯಲ್ಲಿ ಸೆಟ್ ಕಟ್ಟಿದ ಬಡಗಿಯೋ ಸಂಕಲನಕಾರನೋ ಇರಬಹುದು. ಒಳಗೆ ಸೇರಲು ನೋಡುವುದು ಈ ಉದ್ಯಮದಲ್ಲಿ ಎಷ್ಟು ವರ್ಷ ದುಡಿದಿದ್ದೀರಿ ಎಂಬುದನ್ನು.

ನಮ್ಮಲ್ಲಿ ಆ ವಯಸ್ಸಿನ ಪೋಷಕ ನಟರ ಸುದ್ದಿ ನನಗೆ ತಲುಪುವುದು ಯೂಟ್ಯೂಬ್ ಚಾನೆಲ್‌ಗಳ ಮೂಲಕ. "ಹಿರಿಯ ನಟನಿಗೆ ಅನಾರೋಗ್ಯ, ನೆರವಿಗೆ ಮನವಿ" ಎಂಬ ಸಾಲು, ಕೆಳಗೆ ಬ್ಯಾಂಕ್ ಖಾತೆಯ ನಂಬರು, ಹಾಸಿಗೆಯ ಮೇಲೆ ಮಲಗಿದವರ ಮುಖಕ್ಕೆ ಹಿಡಿದ ಮೈಕು. ನೂರಾರು ಚಿತ್ರಗಳಲ್ಲಿ ನಮ್ಮನ್ನು ನಗಿಸಿದವರು ತಮ್ಮ ಬಡತನವನ್ನು ಕ್ಯಾಮೆರಾ ಮುಂದೆ ಇನ್ನೊಂದು ಪಾತ್ರದಂತೆ ಅಭಿನಯಿಸಿ ತೋರಿಸಬೇಕು. ಚಾಮರಾಜಪೇಟೆಯಲ್ಲಿ ಕಲಾವಿದರ ಸಂಘಕ್ಕೆ ಒಳ್ಳೆಯ ಭವನವಿದೆ, ಸಂತೋಷ. ಅಷ್ಟೇ ಗಟ್ಟಿಯಾದ ಪಿಂಚಣಿ ನಿಧಿ ಮೊದಲು ಆಗಬೇಕಿತ್ತು ಎಂದು ನಾನಂತೂ ಹೇಳುತ್ತೇನೆ.

ನಮ್ಮವರಿಗೆ ಒಗ್ಗಟ್ಟು ಇಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಬ್ಬಿಂಗ್ ಚಿತ್ರಗಳನ್ನು ದಶಕಗಳ ಕಾಲ ಹೊರಗಿಟ್ಟ ಒಗ್ಗಟ್ಟು ಸಣ್ಣದೇ? 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಇದಕ್ಕಾಗಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯಿತು, ಅಷ್ಟು ಬಲ ಅದು. ಅದೇ ಬಲವನ್ನು ರಾತ್ರಿ ಎರಡು ಗಂಟೆಗೆ ಪ್ಯಾಕಪ್ ಆಗಿ ಬೆಳಿಗ್ಗೆ ಏಳಕ್ಕೆ ಮತ್ತೆ ಬರುವ ಹುಡುಗರಿಗಾಗಿ ಬಳಸಿದ್ದನ್ನು ನಾನು ಕಂಡಿಲ್ಲ. ಒಂದು ಕಾರಣ ನನಗೆ ತೋಚುವುದು ಹೀಗೆ: ವಾಣಿಜ್ಯ ಮಂಡಳಿ ನಿರ್ಮಾಪಕರು, ವಿತರಕರು, ಪ್ರದರ್ಶಕರ ಸಂಸ್ಥೆ. ಪೇಮೆಂಟ್ ಬಾಕಿ ಎಂದು ದೂರು ಹೊತ್ತವರೂ ಅಲ್ಲಿಗೇ ಪಂಚಾಯ್ತಿಗೆ ಹೋಗುತ್ತಾರೆ. ಕಾರ್ಮಿಕರ ಒಕ್ಕೂಟ ಬೇರೆ ಇದೆ, ಹೋರಾಡಿದ್ದೂ ಇದೆ. ಆದರೆ ಕೊನೆಯ ಮಾತು ದುಡ್ಡು ಹಾಕುವವರ ಕೋಣೆಯಲ್ಲೇ ಆಗುತ್ತದೆ. ಇಲ್ಲಿ ಸ್ಟುಡಿಯೊಗಳ ಸಂಘ ಮೇಜಿನ ಆ ಕಡೆ, ಗಿಲ್ಡ್ ಈ ಕಡೆ. 2023ರಲ್ಲಿ ಬರಹಗಾರರು 148 ದಿನ, ನಟರು 118 ದಿನ ಕೆಲಸ ನಿಲ್ಲಿಸಿದ್ದು ಹಾಗೆ ಎದುರುಬದುರು ಕೂತವರಿಂದ ಮಾತ್ರ ಸಾಧ್ಯ.

ಇಲ್ಲಿ ಎಲ್ಲವೂ ಸ್ವರ್ಗ ಎಂದು ತಿಳಿಯಬೇಡಿ. ಆ 2023ರಲ್ಲಿ ನಟನಿಗೆ ಆರೋಗ್ಯ ವಿಮೆ ಸಿಗಲು ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಗಿಲ್ಡ್‌ನ ಬಹುಪಾಲು ಸದಸ್ಯರು ಆ ಗೆರೆ ಮುಟ್ಟುವುದೇ ಇಲ್ಲ. ವುಡ್‌ಲ್ಯಾಂಡ್ ಹಿಲ್ಸ್‌ನ ಆಸ್ಪತ್ರೆಯನ್ನು ಮುಚ್ಚುತ್ತೇವೆ ಎಂದು 2009ರಲ್ಲಿ ಆಡಳಿತ ಹೊರಟಾಗ, ಮಲಗಿದಲ್ಲೇ ಇದ್ದ ವೃದ್ಧರ ಮನೆಯವರು ಬೀದಿಗಿಳಿದು ತಡೆಯಬೇಕಾಯಿತು. 2023ರ ಮುಷ್ಕರದ ಹೊತ್ತಿನಲ್ಲಿ ಮೆರಿಲ್ ಸ್ಟ್ರೀಪ್, ಜಾರ್ಜ್ ಕ್ಲೂನಿ ತಲಾ ಹತ್ತು ಲಕ್ಷ ಡಾಲರ್ ಕೊಟ್ಟರು, ಥೇಟ್ ನಮ್ಮ ಸ್ಟಾರ್‌ಗಳ ಹಾಗೆ. ಆ ದುಡ್ಡು ಗಿಲ್ಡ್‌ನ ಪ್ರತಿಷ್ಠಾನಕ್ಕೆ ಹೋಯಿತು; ಬೇಕಾದವರು ಅರ್ಜಿ ಹಾಕಿ ತೆಗೆದುಕೊಂಡರು.

ಹಕ್ಕು, ದಾನ ಎರಡೂ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆಂದು ನೋಡಲು ಅಮೆರಿಕಕ್ಕೆ ಬರಬೇಕಿಲ್ಲ, ಪಕ್ಕದ ಕೇರಳ ಸಾಕು. ಅಲ್ಲಿನ ನಟರ ಸಂಘ 'ಅಮ್ಮ' ಹಿರಿಯ ಕಲಾವಿದರಿಗೆ ತಿಂಗಳು ತಿಂಗಳು 'ಕೈನೀಟ್ಟಂ' ಎಂದು ಹಣ ಕೊಡುತ್ತ ಬಂದಿದೆ, ಮೆಚ್ಚಬೇಕಾದ ಕೆಲಸ. ಆದರೆ ಕೊಡುವವರ ವಿರುದ್ಧ ತೆಗೆದುಕೊಳ್ಳುವವರು ಬಾಯಿ ಬಿಡುವುದು ಎಷ್ಟು ಕಷ್ಟ! ಮಲಯಾಳಂ ಚಿತ್ರರಂಗದಲ್ಲಿ ಮಹಿಳೆಯರ ಮೇಲಿನ ಶೋಷಣೆ ಕುರಿತ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಿದ್ದಾಗ ಅಧ್ಯಕ್ಷ ಮೋಹನ್‌ಲಾಲ್ ಸಮೇತ ಕಾರ್ಯಕಾರಿ ಸಮಿತಿ ಪೂರ್ತಿ ರಾಜೀನಾಮೆ ಕೊಟ್ಟಿತು. ಅದಕ್ಕೆ ಮೊದಲು ಮಹಿಳೆಯರು 2017ರಲ್ಲಿ ಪ್ರತ್ಯೇಕವಾಗಿ ತಮ್ಮದೇ ಕೂಟ ಕಟ್ಟಿಕೊಳ್ಳಬೇಕಾಗಿ ಬಂದಿತ್ತು.

ಕರ್ನಾಟಕದಲ್ಲೂ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾನೂನು ಬಂತು. ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್, ಅದನ್ನು ನೋಡಿಕೊಳ್ಳಲು ಒಂದು ಮಂಡಳಿ. ಏನೂ ಇಲ್ಲದ್ದಕ್ಕಿಂತ ಲೇಸು. ಆದರೆ ದುಡ್ಡು ಬರುವುದು ಟಿಕೆಟ್ ಕೊಂಡವನ ಜೇಬಿನಿಂದ. ನಿರ್ಮಾಪಕನ ಬಜೆಟ್‌ನಲ್ಲಿ, ನಾಯಕನ ಸಂಭಾವನೆಯಲ್ಲಿ ಇದಕ್ಕೊಂದು ಸಾಲು ಯಾಕಿಲ್ಲ? ಪಿಕ್‌ಫರ್ಡ್ ಲೆಕ್ಕದಲ್ಲೇ ಹಿಡಿದರೂ ಹತ್ತು ಕೋಟಿ ಪಡೆಯುವ ನಾಯಕನಿಂದ ಐದು ಲಕ್ಷ ಬರುತ್ತದೆ. ಅಷ್ಟು ಕೊಡಲು ನಮ್ಮ ನಾಯಕರು ಹಿಂದೆಗೆಯುವವರಲ್ಲ, ಅದಕ್ಕಿಂತ ಹೆಚ್ಚೇ ಕೊಟ್ಟಿದ್ದಾರೆ. ತೊಡಕು ಇರುವುದು ಬೇರೆಡೆ. ಸಂಬಳದಲ್ಲಿ ಹಿಡಿಯಬೇಕಾದರೆ ಸಂಬಳ ಎಷ್ಟೆಂದು ಕಾಗದದ ಮೇಲೆ ಇರಬೇಕು. ನನ್ನ ಸೋದರಮಾವನ ಮಗನಿಗೆ ಇವತ್ತಿಗೂ ಕೂಲಿ ಬರುವುದು ಕವರಿನಲ್ಲಿ. ಹೋದ ವರ್ಷ ಎಷ್ಟು ದಿನ ದುಡಿದೆ ಎಂದು ಕೇಳಿದರೆ ಅವನ ಹತ್ತಿರ ತೋರಿಸಲು ಒಂದು ಚೀಟಿಯೂ ಇಲ್ಲ. ಒಕ್ಕೂಟದವರು ಕೂಲಿ ಹೆಚ್ಚಿಸಿ ಎಂದು ಕೇಳುವಾಗ ಇದನ್ನೂ ಕೇಳಲಿ: ಪ್ರತಿ ದಿನದ ಹಾಜರಿ, ಪ್ರತಿ ದಿನದ ಕೂಲಿ, ಬ್ಯಾಂಕಿನ ಮೂಲಕ.