ನಡೀತದ್ರಿ, ಹಾಕ್ರಿ

ನಿನ್ನೆ ಬೆಳಗ್ಗೆ ಜಗತ್ ಸರ್ಕಲ್‌ನಲ್ಲಿ ನನ್ನ ಕಾರು ಎರಡನೇ ಗೇರಿಗೆ ಬೀಳಲೇ ಇಲ್ಲ. ಕರ್ರ್ ಅಂತ ಹಲ್ಲು ಕಡಿಯಿತು. ಹಿಂದೆ ಸಾಲಾಗಿ ಆಟೋಗಳು, ಒಂದೇ ಸಮ ಹಾರ್ನು. ಒಬ್ಬ ಹುಡುಗ ಪಕ್ಕಕ್ಕೆ ಬಂದು ಇಣುಕಿ, "ಕಾಕಾ, ಇಳ್ದು ನೂಕ್ರಿ" ಅಂದು ಹೋದ. ನನ್ನದು 1986ರ ಪದ್ಮಿನಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಇರುವಂಥದ್ದು. ಅದಕ್ಕೆ ಅವನ ಅಪ್ಪನ ವಯಸ್ಸು.

ತಪ್ಪು ಕಾರಿನದಲ್ಲ. ಹೋದ ವಾರ ಗೇರ್ ಆಯಿಲ್ ತರಲು ಅಂಗಡಿಗೆ ಹೋಗಿದ್ದೆ. "ತೊಂಬತ್ತು ನಂಬರ್ ಕೊಡ್ರಿ, ಜಿಎಲ್-4" ಅಂದೆ. ತೊಂಬತ್ತು ಅಂದರೆ ಎಣ್ಣೆಯ ದಪ್ಪ, ಜಿಎಲ್ ಅಂದರೆ ಅದು ಯಾವ ಬಗೆಯದು ಅನ್ನೋ ಗುರುತು. ಮೊಬೈಲ್‌ನಿಂದ ತಲೆ ಎತ್ತದೆ ಜಿಎಲ್-5 ಡಬ್ಬಿ ಮುಂದಿಟ್ಟರು. ಇದು ಐದು ಅದಲ್ರಿ ಅಂದರೆ, "ನಾಕಕ್ಕಿಂತ ಐದು ಜಾಸ್ತಿ ಅಲ್ಲೇನ್ರಿ? ನಡೀತದ್ರಿ, ಹಾಕ್ರಿ."

ಕಲಬುರಗಿಯಲ್ಲಿ ಈ ಮಾತಿಗೆ ಎದುರಿಲ್ಲ. ಪ್ಯಾಂಟು ಎರಡಿಂಚು ಗಿಡ್ಡ ಹೊಲಿದರೂ ನಡೀತದ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಿದರೂ ನಡೀತದ. ಎಲ್ಲಾ ನಡೀತದ, ನನ್ನ ಕಾರೊಂದು ಬಿಟ್ಟು.

ನಾಲ್ಕು, ಐದು ಅನ್ನೋದು ಶಾಲೆಯ ಇಯತ್ತೆ ಅಲ್ಲ. ಐದರಲ್ಲಿ ಗಂಧಕ, ರಂಜಕದ ಮಸಾಲೆ ಹೆಚ್ಚುಕಮ್ಮಿ ಎರಡು ಪಟ್ಟು. ಹಿಂದಿನ ಚಕ್ರ ತಿರುಗಿಸೋ ಡಿಫರೆನ್ಶಿಯಲ್‌ಗೆ ಅದು ಸರಿ. ಹಳೇ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಆಗಿಬರೋದಿಲ್ಲ. ಗೇರು ಬೀಳೋ ಮುಂಚೆ ಆ ರಿಂಗು ಚೂರು ಕಚ್ಚಿ ಹಿಡಿದು ಎರಡೂ ಕಡೆಯ ವೇಗ ಸಮ ಮಾಡಬೇಕು. ಎಣ್ಣೆ ಜಾಸ್ತಿ ಜಾರಿದರೆ ಎಲ್ಲಿಂದ ಕಚ್ಚಬೇಕು? ಮೇಲಿಂದ, ಬಿಸಿ ಏರಿದರೆ ಗಂಧಕ ಹಿತ್ತಾಳೆಯನ್ನೇ ತಿನ್ನುತ್ತದೆ. ನಮ್ಮೂರಲ್ಲಿ ಬಿಸಿಗೇನು ಬರವೇ?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹಾಕಿಸಿದೆ ಅಂದರೆ, ನಮ್ಮ ಮಿಸ್ತ್ರಿ. ಡಬ್ಬಿ ಮೇಲೆ ಬರೆದದ್ದನ್ನು ಅವರು ಓದೋದಿಲ್ಲ. ಬೆರಳು ಅದ್ದುತ್ತಾರೆ. ಹೆಬ್ಬೆರಳಿಗೆ ತಿಕ್ಕುತ್ತಾರೆ. ಬೆರಳು ಬಿಡಿಸಿ, ನಡುವೆ ಎಳೆಯುವ ನೂಲನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಆಮೇಲೆ ಮೂಸುತ್ತಾರೆ, ನನಗೂ ಮೂಸಿಸುತ್ತಾರೆ. ಕೊಳೆತ ಮೊಟ್ಟೆಗೆ ಬೆಳ್ಳುಳ್ಳಿ ಅರೆದು ಹಾಕಿದಂಥ ವಾಸನೆ. "ವಾಸನಿ ಅಂದ್ರ ಇದು! ಅಸಲಿ ಮಾಲು. ನಡೀತದ್ರಿ ಸಾಹೇಬ್ರ."

ಕೆಲಸ ಮುಗಿಯುವಾಗ ಮಧ್ಯಾಹ್ನ. ಊಟಕ್ಕೆ ಕೂರಿಸಿದೆವು. ರೊಟ್ಟಿ, ಎಣಗಾಯಿ. ಮಿಸ್ತ್ರಿ ಬದನೆಕಾಯಿ ಮುಟ್ಟಲಿಲ್ಲ. ತಾಟಿನ ಅಂಚಿನಲ್ಲಿ ತೇಲುತ್ತಿದ್ದ ಎಣ್ಣೆಗೆ ಬೆರಳು ಅದ್ದಿದರು. ತಿಕ್ಕಿದರು. ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ನನ್ನ ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು. "ಅಕ್ಕಾರ, ಶೇಂಗಾ ಎಣ್ಣಿ ಛಲೋ ಅದ. ಖರೇ, ನಲವತ್ತರ ದಪ್ಪ ಅಷ್ಟೇ." ಆವತ್ತು ನನಗೆ ಎರಡನೇ ರೊಟ್ಟಿ ಬರಲಿಲ್ಲ. ನನಗೂ ಬೇಕಿರಲಿಲ್ಲ ಅನ್ನಿ, ಮೂರು ಸಲ ಸಾಬೂನು ಹಾಕಿದರೂ ಕೈ ನಾರುತ್ತಿತ್ತು.

ಇದು ಅಪ್ಪನ ಕಾರು. ಅವರು ಗೇರ್ ಎಣ್ಣೆಯ ಡಬ್ಬಿ ಮೇಲೆ ಬಿಳಿ ಪೇಂಟಿನಲ್ಲಿ 90 ಅಂತ ಬರೆದು ಮಾಡದಲ್ಲಿ ಇಡುತ್ತಿದ್ದರು. ಸೇಡಂ ರಸ್ತೆಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಎರಡೇ ಬೆರಳಲ್ಲಿ ಗೇರ್ ಬದಲಿಸೋರು. ಸದ್ದೇ ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ನಿದ್ದೆಯಲ್ಲಿರುತ್ತಿದ್ದೆ. ಈಗ ನಾನು ಮುಷ್ಟಿ ಕಟ್ಟಿ ಜಗ್ಗುತ್ತೇನೆ, ಊರೇ ಎಚ್ಚರಾಗುತ್ತದೆ.

ಕಡೆಗೆ ಸೋಲಾಪುರಕ್ಕೆ ಹೊರಟಿದ್ದ ಅಳಿಯನಿಗೆ ಹೇಳಿ ಜಿಎಲ್-4 ತರಿಸಿದೆ. ಚೀಟಿಯಲ್ಲಿ ನಾಲ್ಕನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದುಕೊಟ್ಟಿದ್ದೆ, ಬ್ಯಾಂಕಿನ ಚೆಕ್ಕಿನ ಹಾಗೆ. ಉಳಿದ ಅರ್ಧ ಡಬ್ಬಿ ಐದನ್ನು ಹಿಡಿದು ಇವತ್ತು ಅದೇ ಅಂಗಡಿಗೆ ಹೋದೆ. ವಾಪಸ್ ತಗೊಳ್ರಿ, ಅರ್ಧ ರೊಕ್ಕ ಕೊಟ್ಟರೂ ಸಾಕು ಅಂದೆ.

ಅವರು ಮೊದಲ ಸಲ ಮೊಬೈಲ್‌ನಿಂದ ತಲೆ ಎತ್ತಿದರು.

"ಒಡದ ಡಬ್ಬಿರೀ ಇದು? ನಡ್ಯಂಗಿಲ್ರಿ."