ಒಳಗೆ ಹೋಗಲೊಲ್ಲದ ಪಿಸ್ಟನ್ನು

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ "ಕಾರಿನ ಚಕ್ರ ಬಿಸಿಯಾಗಿದೆ" ಅಂತ ಹೇಳಿ ನೋಡಿ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗೇಟು ಬಿಸಿ, ನಲ್ಲಿ ಬಿಸಿ, ಸ್ಕೂಟರಿನ ಸೀಟಂತೂ ಕೇಳಲೇಬೇಡಿ. ಇಂಥ ಊರಲ್ಲಿ ಒಂದು ಚಕ್ರ ಮಾತ್ರ ಜಾಸ್ತಿ ಬಿಸಿಯಾದರೆ ಗೊತ್ತಾಗುವುದು ಹೇಗೆ? ಇನ್ನೊಂದರ ಪಕ್ಕ ಇಟ್ಟು ನೋಡಬೇಕು, ಅಷ್ಟೇ. ಹೊಸಪೇಟೆಯಿಂದ ಬಂದವನೇ ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದೆ. ಬಲಗಡೆಯದು ಬಳ್ಳಾರಿ ಬಿಸಿ. ಎಡಗಡೆಯದು ಅದನ್ನೂ ಮೀರಿದ್ದು, ಜೊತೆಗೆ ಸುಟ್ಟ ವಾಸನೆ. ತೋರಣಗಲ್ಲು ದಾಟಿದಾಗಿನಿಂದ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ದಾರಿಯುದ್ದಕ್ಕೂ ನಾನು ರಸ್ತೆ ಮಾಡಿದವರನ್ನು ಬೈದುಕೊಂಡು ಬಂದಿದ್ದೆ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕಾರಿನ ಪಕ್ಕ ಕೂರುವಷ್ಟು ದೇವರ ಭಕ್ತ ನಾನಲ್ಲ. ಚಕ್ರ ಬಿಚ್ಚಿದರೆ ವಿಷಯ ಎದುರಿಗೇ ಇತ್ತು. ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡುಗಳಲ್ಲಿ ಹೊರಗಿನದು ಇನ್ನೂ ಅರ್ಧ ಉಳಿದಿತ್ತು. ಒಳಗಿನದು, ಆಯಿಲಿನ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಒತ್ತುವ ಕಡೆಯದು, ಸವೆದು ತಗಡಾಗಿತ್ತು.

ಪ್ಯಾಡ್ ಬದಲಿಸುವುದು ಅರ್ಧ ಗಂಟೆ ಕೆಲಸ ಅಂತ ಯಾರು ಬೇಕಾದರೂ ಹೇಳುತ್ತಾರೆ. ಸುಳ್ಳಲ್ಲ. ಎರಡು ಬೋಲ್ಟು ಬಿಚ್ಚಿ, ಪಿಸ್ಟನ್ನು ಕೂತಿರುವ ಕ್ಯಾಲಿಪರ್ ಎತ್ತಿ, ಹಳೇದು ತೆಗೆದು ಹೊಸದು ಕೂರಿಸುವುದು. ಆದರೆ ಹಳೆ ಪ್ಯಾಡು ಸವೆದ ಹಾಗೆಲ್ಲ ಪಿಸ್ಟನ್ನು ಮುಂದೆ ಮುಂದೆ ಬಂದಿರುತ್ತದೆ. ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗ ಬೇಕೆಂದರೆ ಪಿಸ್ಟನ್ನು ವಾಪಸ್ ಒಳಗೆ ಹೋಗಬೇಕು. ನಮ್ಮದು ಯುಗಾದಿಗೆ ಬಂದ ಅಳಿಯನ ಹಾಗೆ, ಬಂದದ್ದು ಬಂದೇಬಿಟ್ಟಿತ್ತು.

ಮೊದಲು ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಸಿರಿಂಜಿನಲ್ಲಿ ಸ್ವಲ್ಪ ಎಳೆದುಕೊಂಡೆ. ಪಿಸ್ಟನ್ ಒಳಗೆ ಹೋದರೆ ಅದರ ಹಿಂದಿನ ಆಯಿಲ್ ಮೇಲಕ್ಕೆ ಬಂದು ಉಕ್ಕಬಾರದಲ್ವಾ? ಆಮೇಲೆ ಬಡಗಿಯವರಿಂದ ಕೇಳಿ ತಂದಿದ್ದ ಸಿ ಕ್ಲ್ಯಾಂಪ್ ಹಾಕಿ ತಿರುಗಿಸಿದೆ. ಕ್ಲ್ಯಾಂಪ್ ಬಾಗುವ ಲಕ್ಷಣ ಕಂಡಿತು. ಪಿಸ್ಟನ್ನಿನದು ಯಾವ ಲಕ್ಷಣವೂ ಇಲ್ಲ.

ಅಷ್ಟರಲ್ಲಿ ಸಭೆ ಸೇರಿತ್ತು. ನಮ್ಮ ಓಣಿಯಲ್ಲಿ ಕಾರಿನ ಚಕ್ರ ಬಿಚ್ಚಿದರೆ ಡಂಗುರ ಸಾರುವುದೇ ಬೇಡ. ಎದುರುಮನೆಯ ರೈಲ್ವೆ ಕಾಕಾ ಕುರ್ಚಿ ಸಮೇತ ಬಂದರು. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಹುಡುಗರು ಕೈ ಒರೆಸಿಕೊಳ್ಳಲು ಒಂದು ಮೂಟೆ ಚಿಂದಿ ತಂದರು. ಊರಲ್ಲಿ ನೀರಿಗೆ ಬರ ಇರಬಹುದು, ಜೀನ್ಸ್ ಚಿಂದಿಗಿಲ್ಲ. ಅಮ್ಮ ಬಾಗಿಲಿಂದಲೇ ಬಗ್ಗಿ ನೋಡಿ, "ಕೀಲಿಗೆ ಬಿಡೋ ಹಂಗೆ ಒಂಚೂರು ಶೇಂಗಾ ಎಣ್ಣೆ ಬಿಡೋ" ಅಂದರು.

"ಎಣ್ಣೆ ಬಿಡಬಾರದಮ್ಮ. ಒಳಗೆ ರಬ್ಬರ್ ಐತೆ, ಹಾಳಾಗುತ್ತೆ."

"ಅದರ ಹೆಸರೇ ಬ್ರೇಕ್ ಆಯಿಲ್ ಅಂತೀಯ, ಎಣ್ಣೆ ಬೇಡ ಅಂತೀಯ."

ಇದಕ್ಕೆ ಏನು ಉತ್ತರ ಕೊಡಲಿ? ಹೆಸರಿಗೆ ಆಯಿಲ್ ಅಷ್ಟೇ, ಅದರಲ್ಲಿ ಎಣ್ಣೆಯ ಅಂಶವೇ ಇಲ್ಲ. ಅದು ಗ್ಲೈಕಾಲ್ ಜಾತಿಯದು, ನೀರಿನಲ್ಲಿ ಬೆರೆಯುತ್ತದೆ. ಪಿಸ್ಟನ್ನಿನ ಸುತ್ತ ಇರುವ ಆ ರಬ್ಬರ್ ಸೀಲಿಗೆ ಒಗ್ಗುವುದೂ ಅದೇ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ತಾಗಿದರೆ ಸೀಲು ಉಬ್ಬಿ ಪಿಸ್ಟನ್ನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಕಾಕಾ ಗಂಟಲು ಸರಿ ಮಾಡಿಕೊಂಡರು. ಗುಂತಕಲ್ಲಿನಲ್ಲಿ ಗಾಡಿಗಳ ಬ್ರೇಕ್ ನೋಡಿಕೊಂಡಿದ್ದು ರಿಟೈರ್ ಆದವರು. "ನಮ್ ರೈಲಿನಾಗೆ ಗಾಳಿ ಹೋದ್ರೆ ಬ್ರೇಕ್ ಬೀಳತೈತಪ್ಪ. ನಿಮ್ ಕಾರಿನಾಗೆ ಗಾಳಿ ಹೊಕ್ರೆ ಬ್ರೇಕೇ ಇರಲ್ಲ. ಯಾವುದು ಒಳ್ಳೇದು ನೀನೇ ಹೇಳು." ಹೇಳುವುದೇನು, ರೈಲಿನದೇ ಒಳ್ಳೆಯದು. ಅಲ್ಲಿ ಪೈಪ್ ಕಿತ್ತುಹೋದರೂ ಗಾಡಿ ತಾನೇ ನಿಲ್ಲುತ್ತದೆ. ಆದರೆ ಬೆಳಿಗ್ಗೆ ಬೆಳಿಗ್ಗೆ, ಗ್ರೀಸಿನ ಕೈಯಲ್ಲಿ, ಇದನ್ನು ಒಪ್ಪಿಕೊಂಡು ನನಗೇನು ಲಾಭ?

ಆದರೂ ಕಾಕಾನ ಮಾತಲ್ಲಿ ಒಂದು ಕೆಲಸಕ್ಕೆ ಬಂತು. "ಪಿಸ್ಟನ್ನೇ ಹಿಡಿದೈತೋ, ಪೈಪ್ ಕಟ್ಟೈತೋ, ಮೊದ್ಲು ಅದು ನೋಡು" ಅಂದರು. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಕ್ಯಾಲಿಪರಿಗೆ ಬರುವ ರಬ್ಬರ್ ಹೋಸು ಹಳೆಯದಾದರೆ ಒಳಗಡೆ ಊದಿಕೊಂಡು, ಆಯಿಲನ್ನು ಹೋಗಲು ಬಿಟ್ಟು ವಾಪಸ್ ಬರಲು ಬಿಡದಂತೆ ಆಗುವುದುಂಟು. ಆಗ ಪಿಸ್ಟನ್ನು ಪಾಪ ನಿರಪರಾಧಿ. ಗೊತ್ತಾಗಬೇಕೆಂದರೆ ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲ್ ಸಡಿಲ ಮಾಡಿ ಒತ್ತಬೇಕು. ಆಗ ಸಲೀಸಾಗಿ ಒಳಗೆ ಹೋದರೆ ತಪ್ಪು ಹೋಸಿನದು ಅಥವಾ ಅದಕ್ಕೂ ಮೇಲಿನದು. ಹೋಗದಿದ್ದರೆ ಪಿಸ್ಟನ್ನಿನದೇ. ನಿಪ್ಪಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕಾದು, ರಿಂಗ್ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದೆ. ಬಿಟ್ಟುಕೊಂಡಿತು. ಕ್ಲ್ಯಾಂಪ್ ಒತ್ತಿದೆ. ಪಿಸ್ಟನ್ ಕದಲಲಿಲ್ಲ. ಅಪರಾಧಿ ಸಿಕ್ಕ.

ಒಳಗೆ ಹೋಗದ್ದನ್ನು ಹೊರಗೇ ಕರೆಯಬೇಕು. ಸುತ್ತಿಗೆ, ಇಕ್ಕಳ, ಪಂಕ್ಚರ್ ಅಂಗಡಿಯ ಗಾಳಿ, ಎಲ್ಲದರ ಸಲಹೆಯೂ ಬಂತು. ಗಾಳಿ ಬೇಡವೇ ಬೇಡ ಅಂದೆ. ಗಾಳಿ ಹೊಡೆದರೆ ಪಿಸ್ಟನ್ನು ಗುಂಡಿನ ಹಾಗೆ ಹಾರುತ್ತದೆ, ಎದುರಿಗೆ ಬೆರಳಿದ್ದರೆ ಬೆರಳೇ ಹೋಯಿತು. ಅದಕ್ಕಿಂತ ಕಾರಿನ ಬ್ರೇಕ್ ಪೆಡಲೇ ಒಳ್ಳೆಯ ಆಯುಧ. ನಿಪ್ಪಲ್ ಬಿಗಿ ಮಾಡಿ, ಡಬ್ಬಿಗೆ ಆಯಿಲ್ ತುಂಬಿ, ಪಿಸ್ಟನ್ ಮುಂದೆ ಮರದ ತುಂಡು ಇಟ್ಟು, ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿದೆ. ಹೋಸಿನ ಮೇಲೆ ಅದರ ಭಾರ ಬೀಳಬಾರದು. ಬಲಗಡೆ ಚಕ್ರವನ್ನು ಮಾತ್ರ ಮುಟ್ಟಲಿಲ್ಲ. ಅದನ್ನೂ ಬಿಚ್ಚಿಟ್ಟರೆ ಒತ್ತಡವೆಲ್ಲ ಸಲೀಸಾಗಿರುವ ಕಡೆಗೆ ಹೋಗಿ ಆ ಪಿಸ್ಟನ್ನು ಉದುರುತ್ತದೆ, ಇದು ಇದ್ದಲ್ಲೇ ನಗುತ್ತಿರುತ್ತದೆ.

ಪೆಡಲ್ ಮೇಲೆ ಕಾಲಿಡಲು ನನ್ನವಳನ್ನು ಕರೆದೆ.

"ಒತ್ತು."

"ಒತ್ತೀನಿ."

"ಬಿಡು. ಒತ್ತು. ಮೆತ್ತಗೆ ಒತ್ತು."

"ಮೆತ್ತಗೆ ಅಂದ್ರೆ ಎಷ್ಟು? ಮನೇಲಿ ಒಲೆ ಮೇಲೆ ಒಗ್ಗರಣೆ ಐತ್ರಿ."

ಒಗ್ಗರಣೆ ಹೊತ್ತುವ ಚಿಂತೆಯಲ್ಲಿ ಅವಳು ಕೊನೆಯ ಸಲ ಕಾಲಿಟ್ಟ ರಭಸಕ್ಕೆ ಪಿಸ್ಟನ್ನು ಬುಳಕ್ ಅಂತ ಹೊರಬಿತ್ತು. ಹಿಂದೆಯೇ ಆಯಿಲ್ ಚಿಮ್ಮಿ, ಪಕ್ಕದಲ್ಲಿ ನಿಂತಿದ್ದ ಜೀನ್ಸ್ ಹುಡುಗನ ಹೊಸ ಬೈಕಿನ ಟ್ಯಾಂಕಿಗೆ ಅಭಿಷೇಕವಾಯಿತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಒರೆಸುತ್ತ ಕೂರುವ ಹೊತ್ತಲ್ಲ, ನೀರು ಹುಯ್ಯಬೇಕು. ಅಂದು ನಲ್ಲಿ ನೀರಿನ ದಿನವಲ್ಲ. ಡ್ರಮ್ಮಿನಲ್ಲಿ ಲೆಕ್ಕ ಹಾಕಿ ಇಟ್ಟಿದ್ದ ನೀರನ್ನು ಕೊಡಪಾನಗಟ್ಟಲೆ ಎತ್ತಿ ಸುರಿದೆ. ಬೈಕ್ ಉಳಿಯಿತು. ಮನೆಯಲ್ಲಿ ನನ್ನ ಮರ್ಯಾದೆಯ ಕಥೆ ಬೇರೆ.

ಹೊರಬಂದ ಪಿಸ್ಟನ್ನನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೇಲಿನ, ಧೂಳು ತಡೆಯುವ ರಬ್ಬರು ಹರಿದಿತ್ತು. ಅದರ ಕೆಳಗೆ ಕ್ರೋಮ್ ಎದ್ದು ಸಣ್ಣ ಸಣ್ಣ ಗುಂಡಿ, ಗುಂಡಿ ತುಂಬ ಕೆಂಪು ತುಕ್ಕು. ನಮ್ಮ ಕಡೆ ತುಕ್ಕನ್ನು ಬೈಯುವ ಹಾಗೂ ಇಲ್ಲ ನೋಡಿ. ಸಂಡೂರಿನ ಗುಡ್ಡದಲ್ಲಿ ಅಗೆಯುವ ಹೆಮಟೈಟ್ ಅದಿರೆಂದರೆ ಕಬ್ಬಿಣ ಮತ್ತು ಆಮ್ಲಜನಕ, ತುಕ್ಕಿನ ಖಾಸಾ ಸಂಬಂಧಿ. ಅದನ್ನೇ ಲಾರಿಗಟ್ಟಲೆ ಮಾರಿ ಬಂಗಲೆ ಕಟ್ಟಿದವರಿದ್ದಾರೆ. ಉಗುರಿನಷ್ಟು ತುಕ್ಕಿಗೆ ನನ್ನ ಭಾನುವಾರ ಹೋಗಿತ್ತು.

ಧೂಳಿನ ರಬ್ಬರು ಹರಿದದ್ದು ಒಂದು ಕಾರಣ. ಇನ್ನೊಂದು ಕಾರಣ ಒಳಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ್ದು 155ರ ಸುಮಾರಿಗೇ ಕುದಿಯಬಹುದು. ಜೊತೆಗೆ ಆ ನೀರು ಒಳಗೊಳಗೇ ಕಬ್ಬಿಣ ತಿನ್ನುತ್ತದೆ. ಬಳ್ಳಾರಿಯ ಗಾಳಿಯಲ್ಲಿ ನಮಗೆ ಸಿಗದ ನೀರು ಅದಕ್ಕೆ ಎಲ್ಲಿಂದ ಸಿಗುತ್ತದೋ!

ಪಾಲಿಶ್ ಪೇಪರಿನಲ್ಲಿ ಉಜ್ಜಿ ಅದನ್ನೇ ಹಾಕು ಅಂತ ಸಭೆಯ ತೀರ್ಮಾನವಾಯಿತು. ನಾನು ಒಪ್ಪಲಿಲ್ಲ. ಕ್ರೋಮ್ ಎದ್ದ ಪಿಸ್ಟನ್ನನ್ನು ಎಷ್ಟು ಉಜ್ಜಿದರೂ ಅದು ಹೊಸ ಸೀಲನ್ನು ಕೊರೆಯುತ್ತದೆ. ಆ ಸೀಲಿಗೆ ಬರೀ ಆಯಿಲ್ ತಡೆಯುವ ಕೆಲಸವಲ್ಲ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ ಜೊತೆ ಸ್ವಲ್ಪ ವಾಲುತ್ತದೆ. ಕಾಲು ತೆಗೆದಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕಿನಿಂದ ಪ್ಯಾಡು ಬಿಡುವುದು ಆ ಕೂದಲೆಳೆಯಿಂದ. ಬೇರೆ ಸ್ಪ್ರಿಂಗು ಗಿಂಗು ಏನೂ ಇಲ್ಲ.

ಮರುದಿನ ಅಂಗಡಿ ತೆಗೆದ ಮೇಲೆ ಹೊಸ ಪಿಸ್ಟನ್ನು, ಸೀಲ್ ಕಿಟ್ಟು ತಂದೆ. ಸೀಲು ಕೂರುವ ತೋಡಿನಲ್ಲಿ ಕೂತ ಗಸಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದೆ. ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್ನುಗಳನ್ನೂ ಒರೆಸಿ, ಅವಕ್ಕೆಂದೇ ಬರುವ ಸಿಲಿಕಾನ್ ಗ್ರೀಸ್ ಸವರಿದೆ. ಸೀಲಿಗೂ ಪಿಸ್ಟನ್ನಿಗೂ ಹೊಸ ಬ್ರೇಕ್ ಆಯಿಲ್ ಸವರಿ, ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದೆ. ಜಾರಿ ಒಳಗೆ ಕೂತಿತು. ಸುಮ್ನೆ ಖುಷಿಗೆ ಇನ್ನೊಂದು ಸಲ ಹೊರಗೆ ತೆಗೆದು ಒತ್ತಿ ನೋಡಿದೆ.

ಗಾಳಿ ತೆಗೆಯಲು ಮತ್ತೆ "ಒತ್ತು, ಬಿಡು" ಶುರುವಾಯಿತು. ಈ ಸಲ ಒಲೆ ಆರಿಸಿಯೇ ಬಂದಿದ್ದಳು. ನಿಪ್ಪಲಿನ ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೂ ನಡೆಯಿತು. ಕಾಕಾ ಮಧ್ಯೆ ಮಧ್ಯೆ, "ಗಾಳಿ ಹೊಕ್ಕಾತು, ಜ್ವಾಕಿ" ಅಂತ ಎಚ್ಚರಿಸುತ್ತಿದ್ದರು.

ಪ್ಯಾಡನ್ನು ಒಂದೇ ಕಡೆ ಬದಲಿಸುವ ಹಾಗಿಲ್ಲ, ಎರಡೂ ಕಡೆ ಹೊಸದಿರಬೇಕು. ಬಲಗಡೆ ಬಿಚ್ಚುತ್ತೇನೆ ಎಂದದ್ದೇ ತಡ, ಸಭೆ ಮತ್ತೆ ತುಂಬಿತು. ಬೈಕಿನ ಹುಡುಗ ಮಾತ್ರ ಬೈಕನ್ನು ಓಣಿಯ ತುದಿಗೆ ನಿಲ್ಲಿಸಿ ಬಂದ. ಕಾಕಾ ಈ ಸಲ ಮಿರ್ಚಿ ಬಜಿಯ ಪೊಟ್ಟಣ ಹಿಡಿದುಕೊಂಡು ಬಂದು ಕುರ್ಚಿ ಹಾಕಿಸಿದರು. ಕ್ಲ್ಯಾಂಪ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದೆನೋ ಇಲ್ಲವೋ, ಬಲಗಡೆ ಪಿಸ್ಟನ್ನು ಮೆತ್ತಗೆ ಒಳಗೆ ಹೋಗಿಬಿಟ್ಟಿತು.

"ಇಷ್ಟೇನಾ?" ಅಂದರು ಕಾಕಾ. ಅವರ ಮೊದಲನೆಯ ಬಜಿ ಇನ್ನೂ ಮುಗಿದಿರಲಿಲ್ಲ.