ಪಿಂಕ್ ಟೀಶರ್ಟು, ಐದು ಕಿಲೋಮೀಟರು

"ಓಡೋಕೆ ದುಡ್ಡು ಕೊಡ್ತಾರೇನೋ? ನಾಯಿ ಅಟ್ಟಿಸ್ಕೊಂಡು ಬಂದ್ರೆ ಪುಕ್ಸಟ್ಟೆ ಓಡ್ತೀವಲ್ಲ" ಅಂದ್ಲು ಅಮ್ಮ ಫೋನಲ್ಲಿ. ನನಗಲ್ಲಮ್ಮ, ನನ್ನ ಹೆಸರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಕೊಡ್ತಾರೆ ಅಂದೆ. "ಹಾಗಿದ್ರೆ ನೇರ ಕೊಟ್ಬಿಡ್ಲಿ, ಮಧ್ಯೆ ನೀನ್ಯಾಕೆ ಓಡ್ಬೇಕು?" ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಆದ್ರೆ ರಿಜಿಸ್ಟರ್ ಮಾಡಿಸಿ ಆಗಿತ್ತು, ಆಫೀಸ್ ಗ್ರೂಪಲ್ಲಿ, ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಲಿಂಕ್ ಹಾಕಿ, ಗಣಪತಿ ಚಂದಾ ಎತ್ತೋ ಹುಡುಗರ ಥರ ಎರಡೆರಡು ಸಲ ನೆನಪಿಸಿಯೂ ಆಗಿತ್ತು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಎತ್ತೋ ಈ ರೇಸ್ ಫಾರ್ ಲೈಫ್ ಓಟ ನಡೆಯೋದು ಕ್ಲೈಡ್ ನದಿ ಪಕ್ಕದ ಗ್ಲಾಸ್ಗೋ ಗ್ರೀನಲ್ಲಿ, ಊರಿನ ಅತೀ ಹಳೇ ಪಾರ್ಕು. 1994ರಲ್ಲಿ ಲಂಡನ್ನಲ್ಲಿ ಶುರುವಾದಾಗ ಬರೀ ಹೆಂಗಸರ ಓಟ, 2019ರಲ್ಲಿ ಗಂಡಸರಿಗೂ ಬಾಗಿಲು ತೆಗೆದ್ರು. ಬಾಗಿಲೇನೋ ತೆಗೆದ್ರು, ಪಿಂಕ್ ಬಣ್ಣ ಹಾಗೇ ಇದೆ. ನಾನೂ ಒಂದು ಪಿಂಕ್ ಟೀಶರ್ಟ್ ಹಾಕ್ಕೊಂಡು ನಿಂತೆ.

ಈ ಪಾರ್ಕು ಓಡೋರಿಗಿಂತ ನಡೆಯೋರಿಗೇ ಜಾಸ್ತಿ ಕೊಟ್ಟಿದೆ ಅನ್ಸತ್ತೆ. 1765ರ ಒಂದು ಭಾನುವಾರ, ಸ್ಟೀಮ್ ಎಂಜಿನ್ ಸುಧಾರಿಸಿದ ಜೇಮ್ಸ್ ವಾಟ್ ಇಲ್ಲಿ ವಾಕಿಂಗ್ ಬಂದಿದ್ದ, ಬಟ್ಟೆ ಒಗೆಯೋ ಮನೆ ದಾಟಿ ಸ್ವಲ್ಪ ದೂರ ಹೋಗೋದ್ರೊಳಗೆ, ಹಬೇನ ಸಿಲಿಂಡರೊಳಗೇ ತಣ್ಣಗೆ ಮಾಡೋ ಬದಲು ಬೇರೆ ಪಾತ್ರೆಗೆ ಬಿಟ್ರೆ ಕಲ್ಲಿದ್ದಲು ಉಳಿಯತ್ತೆ ಅಂತ ಹೊಳೀತಂತೆ. ನಾನು ಒಂದೂವರೆ ಕಿಲೋಮೀಟರ್ ಓಡೋದ್ರೊಳಗೆ ಹೊಳೆದಿದ್ದು ಇಷ್ಟೇ, ನನ್ನ ಹಬೆಗೆ ಬೇರೆ ಪಾತ್ರೆ ಇಲ್ಲ. ಆಮೇಲೆ ನಡೆದೆ.

ನಡೆಯೋವಾಗ ಕಣ್ಣು ಬಿಡ್ತು. ಒಂದು ಕಡೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ದು 1806ರ ಸ್ಮಾರಕ, ಆಕಾಶ ಚುಚ್ಚೋ ಹಾಗೆ. ಇನ್ನೊಂದು ಕಡೆ ಹಿಂದೆ ಹೆಂಗಸರು ಬಟ್ಟೆ ಒಣಗಹಾಕ್ತಿದ್ದ ಕಬ್ಬಿಣದ ಕಂಬಗಳು, ಹಗ್ಗ ಇಲ್ಲ, ಬಟ್ಟೆ ಇಲ್ಲ, ಸುಮ್ನೆ ಸಾಲಾಗಿ ನಿಂತಿವೆ. ನನ್ನ ಕೇಳಿದ್ರೆ ನೆಲ್ಸನ್‌ಗಿಂತ ಇವೇ ದೊಡ್ಡವು (ಗ್ಲಾಸ್ಗೋ ಮಳೇಲಿ ಬಟ್ಟೆ ಒಣಗಿಸಿದೋರು ಯಾವ ಅಡ್ಮಿರಲ್‌ಗೆ ಕಮ್ಮಿ?).

ಬೆನ್ನಿಗೆ ಒಂದು ಚೀಟಿ ಕೊಟ್ಟಿರ್ತಾರೆ, ಯಾರಿಗೋಸ್ಕರ ಓಡ್ತಿದೀವಿ ಅಂತ ಬರೆಯೋಕೆ. ಮುಂದಿರೋರ ಬೆನ್ನು ಓದ್ಕೊಂಡೇ ಹೋಗ್ಬೇಕು, ಮಮ್, ಡ್ಯಾಡ್, ಗ್ರ್ಯಾನ್, ಒಂದ್ರಲ್ಲಿ ಬರೀ "ನನಗೇ". ನಾನು ಕನ್ನಡದಲ್ಲಿ "ಅತ್ತೆ" ಅಂತ ಬರ್ದಿದ್ದೆ. ಹಿಂದಿಂದ ಬಂದ ಅಜ್ಜಿಯೊಬ್ರು ಇದೇನು ಸನ್ ಅಂದ್ರು, ಇಲ್ಲಿನ ವಯಸ್ಸಾದೋರು ಯಾವ ಹುಡುಗನ್ನಾದ್ರೂ ಹಾಗೇ ಕರೀತಾರೆ, ನಮ್ಮಲ್ಲಿ ಮಗಾ ಅಂದ ಹಾಗೆ. ಅಪ್ಪನ ತಂಗಿ ಅಂದೆ. ಅವ್ರು ತಿರುಗಿ ತಮ್ಮ ಬೆನ್ನು ತೋರಿಸಿದ್ರು, ನಾಲ್ಕು ಹೆಸರಿತ್ತು.

ರಾತ್ರಿ ಅಮ್ಮಂಗೆ ಫೋನ್ ಮಾಡಿ, ಅತ್ತೆಗೆ ಹುಷಾರಿಲ್ದಾಗ ನೀನು ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗಿದ್ಯಲ್ಲ, ಮಂಜುನಾಥ ಬಸ್ಸಲ್ಲಿ ಬಂದ್ರೆ ಬೇಡ ಅಂತಿದ್ನಾ ಅಂತ ಕೇಳ್ದೆ. "ಅದು ಹರಕೆ ಕಣೋ" ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

"ನನ್ನ ಹೆಸರಲ್ಲಿ 501 ರೂಪಾಯಿ ಹಾಕು. ಪೌಂಡಲ್ಲಿ ಎಷ್ಟಾಗತ್ತೋ ನೋಡ್ಕೋ, ಆ ಒಂದು ರೂಪಾಯಿ ಮಾತ್ರ ಬಿಡ್ಬೇಡ."